ಪಟ್ಟಿಯಲ್ಲಿಲ್ಲದ ಪಾಪ

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಚಾದರ ಮಡಿಸುವ ಆಕೆಯನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತಿದ್ದರು. ಚರ್ಚಿನ ಗಂಟೆಯಾದರೂ ಕೈಕೊಡಬಹುದು, ಅಕ್ಕ ಕೈಕೊಡುವವಳಲ್ಲ. ಭಾನುವಾರದ ಪೂಜೆಗೆ ಮೊದಲ ಬೆಂಚು, ಶನಿವಾರ ಸಂಜೆ ಐದಕ್ಕೆ ಫಾದರ್ ಕಿವಿಗೆ ಪಾಪನಿವೇದನೆ. ಫಾದರ್ ಪ್ರಾರ್ಥನೆ ಮುಗಿಸುವ ಮೊದಲೇ ಇವಳ "ಆಮೆನ್" ಬಂದಿರುತ್ತಿತ್ತು.

ಅವಳ ಪಾಪಗಳು ಐದು. ಎಂಟನೆಯ ವಯಸ್ಸಿನಲ್ಲಿ, ಮೊದಲ ಪಾಪನಿವೇದನೆಗೆ ಮುಂಚೆ, ಅಮ್ಮ ಎದುರಿಗೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು: ಸುಳ್ಳು ಹೇಳಿದೆ, ಕೋಪ ಮಾಡಿಕೊಂಡೆ, ಪ್ರಾರ್ಥನೆ ಮರೆತೆ, ತಂಗಿಗೆ ಹೊಡೆದೆ, ತಾಯಿಯ ಮಾತು ಕೇಳಲಿಲ್ಲ. ಈಗ ಅಕ್ಕನಿಗೆ ಐವತ್ತನಾಲ್ಕು. ತಂಗಿ ಅಜ್ಜಿಯಾಗಿದ್ದಾಳೆ, ತಾಯಿ ತೀರಿಹೋಗಿ ಹತ್ತೊಂಬತ್ತು ವರ್ಷ. ಆದರೂ ಪ್ರತಿ ಶನಿವಾರ ಅದೇ ಐದು, ಒಂದೇ ಉಸಿರಿನಲ್ಲಿ. ಸತ್ತ ತಾಯಿ ಅದೇನು ಹೇಳಿದಳೋ, ಇವಳು ಅದೇನು ಕೇಳಲಿಲ್ಲವೋ, ಆ ದೇವರೇ ಬಲ್ಲ! ಮುದಿ ಫಾದರ್ ಕೂಡ ಒಂದು ದಿನವೂ ವಿಚಾರಿಸಿದವರಲ್ಲ.

ಹೀಗೇ ಆರಾಮಾಗಿ ನಡೆದುಹೋಗುತ್ತಿತ್ತು, ಆ ಒಂದು ಮಧ್ಯಾಹ್ನ ಬರದಿದ್ದರೆ.

ಗಂಡ ಹೋದಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಲಕ್ವ ಹೊಡೆದು ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಆಸ್ಪತ್ರೆಯ ಚಾದರ, ಮಧ್ಯಾಹ್ನ ಅತ್ತೆಯ ಚಾದರ. ಅಂದು ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಚಹಾ ಹಿಡಿದು ಕುಳಿತಿದ್ದಳಷ್ಟೆ, "ನೀರು... ನೀರು ಕೊಡಮ್ಮಾ" ಎಂದು ಪರದೆಯಾಚೆಯ ಕೋಣೆಯಿಂದ ಕೂಗು ಬಂತು. ಅಕ್ಕ ಏಳಲಿಲ್ಲ. ಕೂಗು ಮತ್ತೆ ಬಂತು. ಅವಳು ನಿಧಾನಕ್ಕೆ ಚಹಾ ಕುಡಿದಳು. ಹೀಗೇ ಒಂದು ಗಂಟೆ. ಕೂಗು ನರಳಾಟವಾಯಿತು, ಆಮೇಲೆ ಅದೂ ನಿಂತಿತು. ಮೈಯೆಲ್ಲ ಹಗುರಾಗಿ ಎಂಥದೋ ಹಿತವಾಗಿತ್ತು ಅವಳಿಗೆ. ಆಮೇಲೆ ಅವಳನ್ನು ಸುಟ್ಟದ್ದು ಆ ಹಿತವೇ. ಕೊನೆಗೆ ನೀರು ತಂದಾಗ ಅತ್ತೆ, "ಪಾಪ, ನೀನು ಅಂಗಡಿಗೆ ಹೋಗಿದ್ದೆ ಅನ್ಸತ್ತೆ" ಅಂದರು. ಅವಳು "ಹೂಂ" ಅಂದಳು.

ಅಂದಿನಿಂದ ಅತ್ತೆಯನ್ನು ನೋಡಲು ಬಂದವರೆದುರೆಲ್ಲ ಒಂದೇ ಹೊಗಳಿಕೆ: "ನನ್ನ ಸೊಸೆ ಬಂಗಾರ ಕಣ್ರೀ. ಹೆತ್ತ ಮಗಳೂ ಹೀಗೆ ನೋಡ್ಕೊಳ್ಳಲ್ಲ." ನಿಂತ ನೆಲವೇ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು ಅಕ್ಕನಿಗೆ.

ಹೇಳಿಬಿಡಬೇಕು. ಹೇಳದೆ ಇನ್ನು ಉಸಿರಾಡಲಾಗದು. ಹಾಗೆಂದುಕೊಂಡು ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿದರೆ, ಹಾಳಾದ ನಾಲಿಗೆ! ಸುಳ್ಳು ಹೇಳಿದೆ, ಕೋಪ ಮಾಡಿಕೊಂಡೆ... ಐದೂ ಮುಗಿದು, ಕ್ಷಮೆಯೂ ಸಿಕ್ಕಿ, ಹೊರಗೆ ಬಂದಿರುತ್ತಿದ್ದಳು. ನಾಲ್ಕು ಶನಿವಾರ ಹೀಗೇ ಆಯಿತು. ನಲವತ್ತಾರು ವರ್ಷ ಹೇಳಿಕೊಂಡು ಬಂದ ಪಟ್ಟಿ ಅವಳ ಬಾಯಿಗೇ ಬೀಗ ಹಾಕಿತ್ತು.

ಐದನೆಯ ಶನಿವಾರ ನಾಲ್ಕು ಪಾಪ ಹೇಳಿ, ತುಟಿ ಕಚ್ಚಿ ತಡೆದಳು.

"ಫಾದರ್, ಅತ್ತೆ ನೀರು ಕೇಳಿದ್ರು. ನಾನು ಬೇಕಂತಲೇ ಕೊಡ್ಲಿಲ್ಲ. ಕೂಗ್ತಾನೇ ಇದ್ರು. ನಂಗೆ... ನಂಗೆ ಅದು ಖುಷಿಯಾಯ್ತು."

ಜಾಲರಿಯಾಚೆ ಫಾದರ್ ಆಗಲೇ ಕೈಯೆತ್ತಿ ಕ್ಷಮೆಯ ಪ್ರಾರ್ಥನೆ ಅರ್ಧ ಮುಗಿಸಿದ್ದರು. "ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳಮ್ಮ. ಸಮಾಧಾನದಿಂದ ಹೋಗು. ಅತ್ತೆಯವರನ್ನ ಕೇಳಿದೆ ಅಂತ ಹೇಳು."

ಅಕ್ಕ ಒಂದು ಪ್ರಾರ್ಥನೆಯನ್ನೂ ಹೇಳಲಿಲ್ಲ. ನೆಟ್ಟಗೆ ಮನೆಗೆ ಬಂದು, ಕೈಚೀಲವನ್ನೂ ಇಳಿಸದೆ ಅತ್ತೆಯ ಹಾಸಿಗೆಯ ಪಕ್ಕ ನಿಂತಳು.

"ಅತ್ತೆ, ಅವತ್ತು ನೀವು ನೀರು ಕೇಳಿದಾಗ ನಾನು ಮನೇಲೇ ಇದ್ದೆ."

ಅತ್ತೆ ಮುಖ ತಿರುಗಿಸಲಿಲ್ಲ. "ಗೊತ್ತು. ಪರದೆ ಕೆಳಗೆ ನಿನ್ನ ಕಾಲು ಕಾಣಿಸ್ತಿತ್ತು."

ಅಕ್ಕ ಕೈಚೀಲವನ್ನು ನೆಲಕ್ಕಿಳಿಸಿದಳು. "ಗೊತ್ತಿದ್ದೂ ಬಂದೋರಿಗೆಲ್ಲ ಬಂಗಾರ, ಬಂಗಾರ ಅಂತ ಯಾಕೆ ಹೇಳಿದ್ರಿ?"

"ಇನ್ನೇನು ಹೇಳ್ಲಿ ಮಗಾ?" ಅತ್ತೆಯ ಕಣ್ಣು ಸೂರಿನ ಮೇಲೇ ಇತ್ತು. "ನಾಳೆನೂ ನೀನೇ ತಾನೆ ನೀರು ಕೊಡಬೇಕು."