ಎರಡು ಬೆರಳು ಇಳಿಜಾರು

ಪ್ರಭುಲಿಂಗ ಸಾಯುವ ಹಿಂದಿನ ದಿನ ಬುಧವಾರ. ಅವತ್ತು ಮುಂಜಾನೆಯೂ ಗಂಡ ಹೆಂಡತಿಗೆ ಬಾಗಿಲಿನ ಸಲುವಾಗಿಯೇ ಜಗಳ. ಮನೆಯ ಬಾಗಿಲಲ್ಲ, ಗಾಡಿಯ ಬಾಗಿಲು.

ಬನಹಟ್ಟಿಯ ಅವರ ಮನೆಯ ಅಂಗಳವೇ ಸಣ್ಣದು. ಆ ಅಂಗಳದ ತುಂಬ ಗಾಡಿ. ಪ್ರಭುಲಿಂಗ ತನ್ನ ಕೈಯಾರೆ ಮಾಡಿದ ಬ್ಯಾಟರಿ ಕಾರು ಅದು. ಮುಂದೆ ಇಬ್ಬರು ಕೂಡಬಹುದು, ಹಿಂದೆ ಸೀರೆಯ ಗಂಟು ಹೇರಬಹುದು. ಟೆಂಪೋ ಹೋಗದ ಸಂದಿಯೊಳಗೆ ಮಗ್ಗದ ಲಾಳಿಯ ಹಾಗೆ ಆಚೆ ಈಚೆ ಓಡುತ್ತದೆಂದು ಓಣಿಯವರು ಅದನ್ನು ಲಾಳಿ ಅಂತಲೇ ಕರೆಯುತ್ತಿದ್ದರು. ಓಡುವುದೇನೋ ಓಡುತ್ತಿತ್ತು. ಆದರೆ ಅಂಗಳ ತೊಳೆಯಬೇಕೆಂದರೆ ಹೆಂಡತಿ ಅನಸವ್ವ ದಿನಾ ಅದನ್ನು ಓಣಿಗೆ ಇಳಿಸಬೇಕು, ತೊಳೆದು ಮತ್ತೆ ಒಳಗೆ ನೂಕಬೇಕು. ಸ್ಟೇರಿಂಗ್ ಹಿಡಿಯಲು ಬಾಗಿಲು ತೆಗೆದಳೋ, ಮುಗಿಯಿತು. ಬಾಗಿಲು ಮತ್ತೆ ಹಾಕಿಕೊಳ್ಳುವುದಿಲ್ಲ. ಕೆಳಗಿನ ಪಟ್ಟಿಗೆ ತಾಗಿ ನಿಂತುಬಿಡುತ್ತದೆ.

"ಏನ್ರಿ, ಈ ದರಿದ್ರ ಬಾಗಲಾ ಇವತ್ತರ ಸುದ್ದ ಮಾಡ್ತೀರೋ ಇಲ್ಲೋ?"

"ಮಣಕಾಲಲೆ ಎತ್ತಿ ನೂಕು. ಹಾಕ್ಕೋತೈತಿ."

"ಎರಡ ವರ್ಷ ಆತು ಎತ್ತಾಕತ್ತು. ಮಣಕಾಲ ಸವದು ಹೋತು. ರಬಕವಿ ವೀರಣ್ಣಗ ಮಾಡಿಕೊಟ್ಟ ಗಾಡಿ ಬಾಗಲಾ ಒಂದ ಬೆರಳಲೆ ಹಾಕ್ಕೋತೈತಿ. ಜಮಖಂಡಿಗೆ ಕೊಟ್ಟದ್ದೂ ಹಾಕ್ಕೋತೈತಿ. ಮನಿ ಹೆಂಡತಿಗಿ ಮಾತ್ರ ಇಂಥಾದ್ದು."

ಪ್ರಭುಲಿಂಗ ಬಸಿಯಲ್ಲಿ ಚಹಾ ಸುರುವಿಕೊಂಡ. ಎದುರುಮನೆ ಕಟ್ಟೆ ನೋಡಿದ. ಓಣಿಯ ಸುದ್ದಿಯನ್ನೆಲ್ಲ ಹರಡುವ ಇಂದ್ರವ್ವ ಅಲ್ಲಿ ಇರಲಿಲ್ಲ. ಆದರೂ ದನಿ ಇಳಿಸಿದ.

"ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬಾರದು ನೀ."

"ಏನ ಕಳವ ಮಾಡೀರಿ?"

"ಮೊದಲನೇ ಗಾಡಿ ಈ ಹಾಸಗಲ್ಲಿನ ಮ್ಯಾಲ ಇಟ್ಟ ಬೆಸದೆ. ಅಂಗಳ ಗಟಾರದ ಕಡೆ ಎರಡ ಬೆರಳ ಇಳಿಜಾರ ಐತಿ. ಮಟ್ಟ ನೋಡೂದ ಮರತೆ. ಬುಡ ಇಳಿಜಾರಿನ್ಯಾಗ ಕುಂತಿತ್ತು. ಕಂಬಕ್ಕ ಮಾತ್ರ ತೂಗುಗುಂಡ ಹಿಡದು ನೆಟ್ಟಗ ನಿಂದರಿಸಿದೆ. ರಸ್ತಾಕ್ಕ ತಂದ ಮ್ಯಾಲ ನೋಡ್ತೀನಿ, ಕಂಬ ಹಿಂದಕ ವಾಲ್ಯಾವು. ಅದಕ್ಕ ಬಾಗಲಾ ಜೋತು ಪಟ್ಟಿಗೆ ತಾಗತೈತಿ."

ಅನಸವ್ವ ನಕ್ಕಳು. ಕಸಬರಿಗೆ ಕೈಯಲ್ಲಿ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತು ನಕ್ಕಳು. ನಗುವ ಮಾತೇ ಅದು. ಪ್ರಭುಲಿಂಗ ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಕೆಲಸಕ್ಕೆ ಬಿದ್ದವನು. ಆಮೇಲೆ ಮಗ್ಗ ಕೂಡಿಸುವ, ರಿಪೇರಿ ಮಾಡುವ ಜಾಬರ್ ಆದ. ಬನಹಟ್ಟಿ, ರಬಕವಿ ಎರಡೂ ಊರಲ್ಲಿ ಯಾರೇ ಹೊಸ ಪಾವರ್‌ಲೂಮ್ ತರಲಿ, ಅದನ್ನು ಕೂಡಿಸಲು ಅವನೇ ಬೇಕು. ಹೋದವನು ಮೊದಲು ಒಂದು ತಂಬಿಗೆ ನೀರು ಕೇಳುತ್ತಿದ್ದ. ಕುಡಿಯಲಿಕ್ಕಲ್ಲ. ನೆಲದ ಮೇಲೆ ಚೆಲ್ಲಿ ಎತ್ತ ಹರಿಯುತ್ತದೆ ನೋಡುತ್ತಿದ್ದ. ನೆಲ ಸೊಟ್ಟ ಇದ್ದರೆ ಮಗ್ಗ ಕೂಡಿಸದೆ ಬೈದು ಬರುತ್ತಿದ್ದ. ಮೂವತ್ತೈದು ವರ್ಷ ಹೀಗೆ ಊರಿಗೆಲ್ಲ ಬೈದವನು ತನ್ನ ಅಂಗಳಕ್ಕೆ ಒಂದು ತಂಬಿಗೆ ನೀರು ಚೆಲ್ಲಿ ನೋಡಲಿಲ್ಲ.

"ನಗಬ್ಯಾಡ. ಮಂದಿಗೆ ಗೊತ್ತಾದ್ರ ನನ್ನ ಮಾರಿ ಮ್ಯಾಲ ನೀರ ಚೆಲ್ಲಿ ನೋಡ್ತಾರ. ಎಲ್ಲೆ, ಆಣಿ ಮಾಡು."

"ಆತ್ರಿ, ಮಾಡಿದೆ."

ನಗು ಮುಗಿದ ಮೇಲೆ ಇನ್ನೊಂದು ಜಗಳ ಇತ್ತು. ಹುಬ್ಬಳ್ಳಿ ಕಡೆಯ ಒಂದು ಸಣ್ಣ ಕಂಪನಿಯವರು ಲಾಳಿಯನ್ನು ನೋಡಿ ಹೋಗಿದ್ದರು. ಕಾರ್ಖಾನೆಯಲ್ಲಿ ಮಾಡುತ್ತೇವೆ, ಅಳತೆ ಬರೆದುಕೊಡಿ ಅಂದಿದ್ದರು. ಅದಕ್ಕೇ ಪ್ರಭುಲಿಂಗ ಇನ್ನೂರು ಪುಟದ ನೋಟಬುಕ್ಕು ತಂದು ಒಂದು ತಿಂಗಳಾಗಿತ್ತು. ಮೊದಲ ಪುಟದಲ್ಲಿ ಲಾಳಿ ಅಂತ ಬರೆದು ಕೆಳಗೊಂದು ಗೆರೆ ಎಳೆದಿದ್ದ. ಅಷ್ಟೇ.

"ಬರೀರಿ ಅಂತ ಬಡಕೋತೀನಿ, ಬರಿಯಾಂಗಿಲ್ಲ ನೀವು."

"ಅಳತಿ ಕೈಯಾಗ ಐತಿ. ಏನ ಬರೀಲಿ?"

"ಹಂಗಂದ್ರ ಕೈ ಕೊಯ್ದ ಕೊಡ್ತೀರೇನ ಅವರಿಗೆ?"

"ನಾಳಿ ಬರೀತೀನಿ ಬಿಡ."

ನಾಳೆ ಗುರುವಾರ. ಮುಂಜಾನೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಹಾಕಿದ. ಇನ್ನೊಂದಕ್ಕೆ ಬಗ್ಗಿದವನು ಗೋಡೆಗೆ ಒರಗಿದ. ಅನಸವ್ವ ಒಳಗಿನಿಂದ ಏನೋ ಕೇಳಿದಳು. ಉತ್ತರ ಬರಲಿಲ್ಲ. ದಿನಾ ಹೀಗೇ, ಕೇಳಿದ್ದಕ್ಕೆ ಉತ್ತರ ಕೊಡುವವನಲ್ಲ ಅಂದುಕೊಂಡು ರೊಟ್ಟಿ ಬಡಿದಳು. ಎರಡು ರೊಟ್ಟಿ ಬಡಿದ ಮೇಲೆ ಹೊರಗೆ ಬಂದಳು.

ಮಣ್ಣಿಗೆ ಬಂದವರು, ಪುಣ್ಯವಂತ, ನರಳಲಿಲ್ಲ ಅಂದರು. ಅವನು ನರಳಲಿಲ್ಲ, ಖರೆ. ಆ ಮಾತು ಕೇಳೀ ಕೇಳೀ ಅನಸವ್ವನಿಗೆ ಸಾಕಾಯಿತು. ಮಗಳು ಒಂದು ತಿಂಗಳಿದ್ದು ಮುಧೋಳಕ್ಕೆ ಗಂಡನ ಮನೆಗೆ ಹೋದಳು. ಹೋಗುವಾಗ, ಆ ಗಾಡಿ ತೂಕಕ್ಕೆ ಹಾಕಿಬಿಡವ್ವಾ ಅಂದಳು.

ಮಗಳು ಹೋದ ವಾರಕ್ಕೆ ಕಂಪನಿಯ ಎಂಜಿನಿಯರ ಬಂದ. ನವೀನ ಅಂತ ಹೆಸರು, ಎಳೆಯ ಮುಖ. ಮೊದಲು ನೋಟಬುಕ್ಕು ಕೇಳಿದ. ಕೊಟ್ಟಳು. ಒಂದು ಪುಟ ನೋಡಿದ, ಇನ್ನೂರೂ ಪುಟ ತಿರುವಿದ, ಮುಚ್ಚಿದ.

"ಅವ್ವಾರ, ಅಳತಿ ಎಲ್ಲಿ ಅದಾವ್ರಿ?"

"ಮಣ್ಣಾಗ ಅದಾವು."

ಪಾಪ, ಹುಡುಗ ತಲೆ ತಗ್ಗಿಸಿದ. ಆಮೇಲೆ ಮೂರು ಕಾಲಿನ ಮೇಲೆ ಒಂದು ಯಂತ್ರ ನಿಲ್ಲಿಸಿದ. ಅದು ಗಾಡಿಯ ಸುತ್ತ ಬೆಳಕು ಬಿಟ್ಟು ಕೂದಲೆಳೆಯಷ್ಟೂ ತಪ್ಪದೆ ಅಳೆಯುತ್ತದಂತೆ.

"ಇದನ್ನ ಅಳೀಬ್ಯಾಡ ತಮ್ಮಾ. ರಬಕವಿಗೆ ಹೋಗಿ ವೀರಣ್ಣನ ಗಾಡಿ ಅಳಿ."

"ಯಾಕ್ರಿ?"

"ಯಾಕ ಅಂದ್ರ ಯಾಕ. ಅದು ಛಲೋ ಐತಿ."

"ಅಳಿಯಾಕ ಎರಡ ದಿನಾ ಬೇಕ್ರಿ, ಅಷ್ಟ ದಿನಾ ವೀರಣ್ಣಾರು ಗಾಡಿ ಬಿಡಂಗಿಲ್ಲ ಅಂದ್ರರಿ. ಮತ್ತ ಇದ ಮೂಲ ಅಲ್ರಿ? ಮೂಲಾನ ಅಳೀಬೇಕು." ಅವನು ಗಾಡಿಯ ಕಂಬದ ಮೇಲೆ ಕೈ ಆಡಿಸಿದ. "ನೋಡ್ರಿ, ಕಾಕಾರು ಕಂಬ ಹೆಂಗ ಹಿಂದಕ ವಾಲಿಸ್ಯಾರ. ಗಾಳಿ ಸೀಳಿ ಹೋಗಾಕ. ಎಂಥಾ ತಲಿ!"

ಅನಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತು, ಅದರ ಹಿಂದೆಯೇ ಸಿಟ್ಟು ಬಂದಿತ್ತು. ಎದುರು ಕಟ್ಟೆಯ ಮೇಲೆ ಇಂದ್ರವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಇಂದ್ರವ್ವನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ರಬಕವಿ ಮುಟ್ಟುತ್ತದೆ. ಆಣೆ ಮಾಡಿಸಿಕೊಂಡವನು ಆ ಆಣೆಯಿಂದ ಬಿಡಿಸದೇ ಹೋಗಿಬಿಟ್ಟಿದ್ದ.

"ಅಳತಿ ತಗೊಂಡ ಏನ ಮಾಡ್ತಿ?"

"ಕಬ್ಬಿಣದ ಚೌಕಟ್ಟ ಮಾಡ್ತೀವ್ರಿ, ಜಿಗ್ ಅಂತೀವಿ. ಅದರಾಗ ಕೊಳವಿ ಇಟ್ಟ ಬೆಸದ್ರಾತು. ನೂರ ಗಾಡಿ ಮಾಡ್ರಿ, ನೂರೂ ಒಂದ ನಮೂನಿ ಬರ್ತಾವು."

"ಕರಚಿಕಾಯಿ ಅಚ್ಚಿನಂಗ?"

"ಹೂಂನ್ರಿ, ಹಂಗ."

"ಅಚ್ಚ ಸೊಟ್ಟ ಇದ್ದರ?"

"ಮಷಿನ್ ಐತಲ್ರಿ ಅವ್ವಾರ. ಅಳತಿ ತಪ್ಪಂಗಿಲ್ಲ."

ಅಳತೆ ತಪ್ಪಲೇ ಇಲ್ಲ. ಅದೇ ಆಗಬಾರದಿತ್ತು.

ಐದು ತಿಂಗಳ ಮೇಲೆ ನವೀನ ಮತ್ತೆ ಬಂದ. ಜೊತೆಗೆ ಒಬ್ಬ ಬಿಳಿ ತಲೆಯ ಸಾಹೇಬ. ಹಿಂದೆ ಒಂದು ಲಾರಿ. ಲಾರಿಯಿಂದ ಹೊಸ ಲಾಳಿಯನ್ನು ಇಳಿಸಿ ಓಣಿಯಲ್ಲಿ ನಿಲ್ಲಿಸಿದರು. ಹಸಿರು ಬಣ್ಣ, ಕನ್ನಡಿಯಂಥ ಹೊಳಪು. ಅನಸವ್ವ ಸುತ್ತು ಹಾಕಿ ನೋಡಿದಳು. ಬೆಸುಗೆಯ ಗಂಟು ಒಂದೂ ಕಾಣಲಿಲ್ಲ. ಪ್ರಭುಲಿಂಗ ನೋಡಿದ್ದರೆ ಗಾಡಿಯ ಕೆಳಗೆ ಮಲಗಿ ಸಂಜೆತನಕ ಏಳುತ್ತಿರಲಿಲ್ಲ.

ಸಾಹೇಬ ಒಳ್ಳೆಯ ಮನುಷ್ಯ. ಕೈಮುಗಿದೇ ಹೇಳಿದ.

"ಅವ್ವಾರ, ಮೊದಲು ಪರೀಕ್ಷಾಕ್ಕ ಅಂತ ಐದ ಗಾಡಿ ಮಾಡಿದ್ವಿ. ಈ ಡಿಸೈನ್ ಕಾರ್ಖಾನಿಗೆ ಒಗ್ಗಂಗಿಲ್ಲ ಅನಸ್ತೈತಿ. ಕೈಲೆ ಮಾಡೋರು ತಿದ್ದಿ ಬಡದು ಹೆಂಗರ ಕೂಡಸ್ತಾರ. ನಾವು ಸಾವಿರ ಗಾಡಿಗೆ ಹಂಗ ಮಾಡಾಕ ಬರಂಗಿಲ್ಲ. ಬಿಡೂಣು ಅಂತ ಮಾಡೀವಿ. ಕಡೀಕ ಒಂದ ಸಲ ಮೂಲ ಗಾಡಿ ಜೋಡಿ ಹಚ್ಚಿ ನೋಡಿ, ನಿಮಗ ಹೇಳಿ ಹೋದ್ರಾತು ಅಂತ ಬಂದ್ವಿ."

"ಏನ ಆಗೇತಿ ಅದಕ್ಕ?"

"ಎಲ್ಲಾ ಛಲೋ ಐತ್ರಿ," ಅಂದ ನವೀನ. "ಬಾಗಲಾ ಒಂದ..."

ಅನಸವ್ವ ಹೊಸ ಗಾಡಿಯ ಬಾಗಿಲು ತೆಗೆದಳು. ನೂಕಿದಳು. ಕೆಳಗಿನ ಪಟ್ಟಿಗೆ ತಾಗಿ ನಿಂತಿತು. ಅವಳು ವಿಚಾರ ಮಾಡಲಿಲ್ಲ, ಮೊಣಕಾಲು ತಾನೇ ಎದ್ದಿತು. ಬಾಗಿಲು ಎತ್ತಿ ನೂಕಿದಳು. ಟಕ್ ಅಂತ ಹಾಕಿಕೊಂಡಿತು.

ಸಾಹೇಬ ಬೆರಗಾದ. "ಐದೂ ಗಾಡೀದು ಇದ ತ್ರಾಸು. ನೀವು ಹೆಂಗ ಹಾಕಿದ್ರಿ?"

ಅನಸವ್ವ ಬಾಗಿಲಿನಿಂದ ಕೈ ತೆಗೆಯಲಿಲ್ಲ. ಬಣ್ಣ ಕಂಪನಿಯದು, ಗಾಜು ಕಂಪನಿಯದು. ತಪ್ಪು ಮಾತ್ರ ಗಂಡನದೇ. ಈಗ ಸುಮ್ಮನಿದ್ದರೆ ಅವನ ಮಾನ ಉಳಿಯುತ್ತದೆ, ಗಾಡಿ ಹೋಗುತ್ತದೆ. ಎರಡು ವರ್ಷ ಹಗಲೆಲ್ಲ ಊರ ಮಗ್ಗ ರಿಪೇರಿ ಮಾಡಿ, ಉಳಿದ ಹೊತ್ತು ಆ ಗಾಡಿಗೇ ಸುರಿದವನು. ಹೆಂಡತಿ ಕರೆದರೆ ಊಟಕ್ಕೆ ಬರುತ್ತಿರಲಿಲ್ಲ. ಸುಡುಗಾಡು ಮಾನ.

ಎದುರು ಕಟ್ಟೆಯ ಮೇಲೆ ಮೊರದ ಸಪ್ಪಳ ನಿಂತಿತ್ತು. ಇಂದ್ರವ್ವ ಅಕ್ಕಿ ಆರಿಸುವುದು ಬಿಟ್ಟು ಇತ್ತಲೇ ನೋಡುತ್ತಿದ್ದಳು.

"ಇಂದ್ರವ್ವಾ, ಬಾ ಇಲ್ಲಿ. ಹೆಂಗೂ ಕೇಳಾಕಿ, ಹತ್ತರ ಬಂದ ಕೇಳು."

"ನಾ ಯಾಕವಾ ನಿಮ್ಮ ಮಾತ ಕೇಳ್ಲಿ?" ಅನ್ನುತ್ತ ಇಂದ್ರವ್ವ ಆಗಲೇ ಓಣಿ ದಾಟಿದ್ದಳು.

ಅನಸವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು. ಹೊಸ್ತಿಲ ಮುಂದೆ ಹಾಸುಗಲ್ಲಿನ ಮೇಲೆ ಸುರುವಿದಳು. ನೀರು ಹಳೆಯ ಲಾಳಿಯ ಬುಡದಲ್ಲಿ ಹಾದು ಸೀದಾ ಗಟಾರಕ್ಕೆ ಇಳಿಯಿತು.

"ನೋಡಿದ್ರೇನ?"

ಯಾರಿಗೂ ಏನೂ ತಿಳಿಯಲಿಲ್ಲ. ಅವಳು ಗಂಡನ ಹತ್ಯಾರದ ಪೆಟ್ಟಿಗೆ ಎಳೆದು ತೂಗುಗುಂಡು ತೆಗೆದಳು. ಹಳೆಯ ಗಾಡಿಯ ಕಂಬಕ್ಕೆ ಇಳಿಬಿಟ್ಟಳು. ದಾರ ಕಂಬಕ್ಕೆ ಅಂಟಿಕೊಂಡ ಹಾಗೆ ನಿಂತಿತು.

"ನವೀನಾ, ನೆಟ್ಟಗ ಐತಿಲ್ಲೋ?"

"ಐತ್ರಿ."

"ಈಗ ನೂಕು ರಸ್ತಾಕ್ಕ."

ಓಣಿಯ ಸಿಮೆಂಟು ರಸ್ತೆ ಮಟ್ಟಸ. ಅಲ್ಲಿ ಮತ್ತೆ ದಾರ ಇಳಿಬಿಟ್ಟಳು. ಮೇಲೆ ಕಂಬಕ್ಕೆ ಹತ್ತಿದ ದಾರ ಕೆಳಗೆ ಕಂಬ ಬಿಟ್ಟು ದೂರ ಹೋಯಿತು. ನವೀನ ಬಗ್ಗಿ ನೋಡಿದ. ಅಂಗಳ ನೋಡಿದ. ಮತ್ತೆ ಕಂಬ ನೋಡಿದ. ಅವನ ಕಿವಿ ಕೆಂಪಾದವು.

"ಗಾಳಿ ಸೀಳಾಕ ಅಲ್ಲೋ ತಮ್ಮಾ," ಅಂದಳು ಅನಸವ್ವ. "ಅಂಗಳ ಸೊಟ್ಟ ಐತಿ. ಊರ ತುಂಬ ನೀರ ಚೆಲ್ಲಿ ಮಟ್ಟ ನೋಡಿದಾಂವ ತನ್ನ ಅಂಗಳ ನೋಡೂದ ಮರತ. ತಪ್ಪ ಅಂವಂದು, ಗಾಡೀದಲ್ಲ. ಎರಡನೇದು, ಮೂರನೇದು ಬುಡಕ್ಕ ಬೆಣಿ ಕೊಟ್ಟ, ಮಟ್ಟ ಮಾಡಿ ಬೆಸದಾನ. ರಬಕವಿಗೆ ನಡೀರಿ."

"ಅಯ್ಯ, ಪ್ರಭುಲಿಂಗಣ್ಣ?" ಅಂದಳು ಇಂದ್ರವ್ವ. "ನಮ್ಮ ಮಗ್ಗ ಕೂಡಸೂ ಮುಂದ ನೆಲಾ ಸೊಟ್ಟ ಐತಿ ಅಂತ ನಮ್ಮ ಮಾವನ್ನ ಬೈದಿದ್ದ!"

"ಹೂಂ, ಅಂವನ. ಹೋಗು, ಎಲ್ಲರಿಗೂ ಹೇಳ ಹೋಗು."

ರಬಕವಿಯಲ್ಲಿ ಅರಿವೆ ವ್ಯಾಪಾರಿ ವೀರಣ್ಣ ಗಾಡಿ ಬಿಡಲು ಒಪ್ಪಲಿಲ್ಲ. "ಎರಡ ದಿನಾ ಅಂದ್ರ ಸೀರಿ ಗಂಟ ತಲಿ ಮ್ಯಾಲ ಹೊರಲೇನ ವೈನಿ?"

"ನನ್ನ ಗಾಡಿ ತಗೋ. ಬಾಗಲಾ ಮಣಕಾಲಲೆ ಎತ್ತಿ ಹಾಕು."

"ನನ್ನ ಮಣಕಾಲ ಅಷ್ಟ ಮ್ಯಾಲ ಏಳಂಗಿಲ್ಲ."

"ಹಂಗಾರ ಬಾಗಲಾ ತೆರದಿಟ್ಟ ಓಡಾಡು. ಗಾಳಿ ಬರ್ತೈತಿ."

ವೀರಣ್ಣ ಕಡೆಗೂ ಗಾಡಿ ಬಿಟ್ಟ. ನವೀನ ಯಂತ್ರ ಹೂಡಿದ. ಈ ಸಲ ಮೊದಲು ನೆಲಕ್ಕೆ ನೀರು ಚೆಲ್ಲಿ ನೋಡಿದ. ಬುಡ, ಕಂಬ, ಬಾಗಿಲು ಎಲ್ಲ ಅಳೆದ. ಸೀಟಿಗೆ ಬಂದಾಗ ಅನಸವ್ವ ತಡೆದಳು.

"ಸೀಟ ಬಿಡು. ಅದು ವೀರಣ್ಣನ ಹೊಟ್ಟಿ ಅಳತಿ. ಸೀಟ ನನ್ನ ಗಾಡೀದ ತಗೋ. ನನ್ನ ಕುಂದರಿಸಿ ಕುಂದರಿಸಿ ಮಾಡ್ಯಾನ, ಅದು ಸುದ್ದ ಐತಿ."

ಹಳೆಯ ಜಿಗ್ ಒಡೆದು ಹೊಸದು ಮಾಡಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಕಾರ್ಖಾನೆಯಿಂದ ಮತ್ತೆ ಒಂದು ಗಾಡಿ ತಂದು ತೋರಿಸಿದರು. ಅನಸವ್ವ ಕಿರುಬೆರಳಲ್ಲಿ ಬಾಗಿಲು ನೂಕಿದಳು. ಹಾಕಿಕೊಂಡಿತು. ಇನ್ನೊಮ್ಮೆ ತೆಗೆದು ಹಾಕಿದಳು. ಮತ್ತೊಮ್ಮೆ. "ಆತು" ಅಂದಳು. ಈಗ ತಿಂಗಳಿಗೆ ಇಷ್ಟು ಅಂತ ಗಾಡಿ ಹೊರಬೀಳುತ್ತವಂತೆ. ಜಮಖಂಡಿ ಪೇಟೆಯಲ್ಲಿ ಒಂದೆರಡು ಓಡಾಡುವುದನ್ನು ಅವಳೂ ಕಂಡಿದ್ದಾಳೆ.

ಇಂದ್ರವ್ವ ತನ್ನ ಕೆಲಸ ತಾನು ಮಾಡಿದಳು. ಈಗ ಬನಹಟ್ಟಿಯಲ್ಲಿ ಯಾರಾದರೂ ತಿಜೋರಿ ಇಡಲಿ, ಮಂಚ ಹಾಕಲಿ, "ನೀರ ಚೆಲ್ಲಿ ನೋಡ್ಯಾರೇನ? ಪ್ರಭುಲಿಂಗನಂಗ ಆದೀತು" ಅಂದು ನಗುತ್ತಾರೆ. ಅವನು ಕೇಳಿಸಿಕೊಂಡಿದ್ದರೆ ಮೂರು ದಿನ ಉಣ್ಣುತ್ತಿರಲಿಲ್ಲ. ಉಣ್ಣದಿದ್ದರೆ ಬಿಡಲಿ. ಬರೆದಿಟ್ಟು ಹೋಗಬೇಕಿತ್ತು.

ಮೂಲ ಗಾಡಿ ಕೊಡಿ, ಕಾರ್ಖಾನೆ ಬಾಗಿಲಲ್ಲಿ ಹಾರ ಹಾಕಿ ನಿಲ್ಲಿಸುತ್ತೇವೆ, ಬದಲಿಗೆ ಹೊಸದು ಕೊಡುತ್ತೇವೆ ಅಂತ ಸಾಹೇಬ ಕೇಳಿದ. ಅನಸವ್ವ ಒಲ್ಲೆ ಅಂದಳು.

"ಯಾಕ್ರಿ ಅವ್ವಾರ?"

"ನಿಮ್ಮಲ್ಲಿ ನೆಲಾ ಮಟ್ಟಸ ಐತಿ. ಅಲ್ಲಿ ಸೊಟ್ಟ ಕಾಣತೈತಿ."

ಹಾಗಾಗಿ ಅದು ಇನ್ನೂ ಅಂಗಳದಲ್ಲೇ ಇದೆ. ಮುಂಜಾನೆ ಎದ್ದು ಅನಸವ್ವ ಗಾಲಿಗೆ ಕೊಟ್ಟ ಇಟ್ಟಿಗೆ ತೆಗೆಯುತ್ತಾಳೆ. ಇಳಿಜಾರಿದೆ, ಗಾಡಿ ತಾನೇ ಓಣಿಗೆ ಇಳಿಯುತ್ತದೆ. ನೀರು ಹೊಡೆದು ಅಂಗಳ ತೊಳೆಯುತ್ತಾಳೆ, ರಂಗೋಲಿ ಹಾಕುತ್ತಾಳೆ. ಆಮೇಲೆ ಗಾಡಿಯನ್ನು ಮೇಲಕ್ಕೆ ನೂಕಬೇಕು. ಸೊಂಟ ಹಿಡಿಯುತ್ತದೆ, ಬೈಯುತ್ತಾಳೆ. ಗಾಲಿಗೆ ಇಟ್ಟಿಗೆ ಕೊಡುತ್ತಾಳೆ. ಬಾಗಿಲು ನೂಕುತ್ತಾಳೆ, ಅದು ಪಟ್ಟಿಗೆ ತಾಗಿ ನಿಲ್ಲುತ್ತದೆ. ಸೀರೆ ಎತ್ತಿ ಕಟ್ಟಿ, ಮೊಣಕಾಲು ಕೊಟ್ಟು, ಎತ್ತಿ ಹಾಕುತ್ತಾಳೆ.