ಯಗಟಿಯ ತೋಟಕ್ಕೆ ಬಂದ ಕಡಲ ಮೂಟೆಗಳು

ಯಗಟಿಯ ಕಲ್ಲಮ್ಮ ಕಡಲನ್ನು ಕಂಡವರಲ್ಲ. ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ಕೋಡಿ ಬಿದ್ದದ್ದನ್ನು ಒಮ್ಮೆ ನೋಡಿದ್ದರು. ಅದನ್ನೇ ಕಣ್ಣಿಗೆ ಕಾಣುವಷ್ಟು ದೂರ ಎಳೆದು ಹಿಗ್ಗಿಸಿದರೆ ಕಡಲಾಗುತ್ತದೆ ಎಂದುಕೊಂಡಿದ್ದರು. ಆ ಕಡಲಿನಿಂದ ತಮ್ಮ ತೆಂಗಿನ ತೋಟಕ್ಕೆ ಮೂಟೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಮೂಟೆಗಳು ಬಂದವು. ಅವರ ಯಜಮಾನರು ಜಯದೇವಪ್ಪ ಕಡೂರಿನ ಮಂಡಿಯಲ್ಲಿ ಯಾರದೋ ಮಾತು ಕೇಳಿ, ಘಟ್ಟ ಹತ್ತಿ ಬಂದ ಲಾರಿಯಿಂದ ಒಣಮೀನಿನ ಗೊಬ್ಬರ ಇಳಿಸಿಕೊಂಡರು. ಲಿಂಗಪೂಜೆಯಾಗದೆ ತೊಟ್ಟು ನೀರು ಕುಡಿಯದ ಮನೆ ಅದು. ಕಾಗೆ ತಂದು ಬೀಳಿಸಿದ ಮೊಟ್ಟೆಯ ಚಿಪ್ಪು ಅಂಗಳದಲ್ಲಿ ಕಂಡರೆ ಕಲ್ಲಮ್ಮ ಸೆಗಣಿ ಹಾಕಿ ಸಾರಿಸುತ್ತಿದ್ದರು. ಮೂಟೆಗಳ ನಾತಕ್ಕೆ ಅವರು ದೇವರ ಕೋಣೆಯ ಬಾಗಿಲನ್ನು ಹಗಲಲ್ಲೂ ಮುಚ್ಚಿಟ್ಟರು. ಸುತ್ತಲ ಊರುಗಳ ನಾಯಿಗಳೆಲ್ಲ ತೋಟದಲ್ಲೇ ಬೀಡುಬಿಟ್ಟು ಮರದ ಬುಡ ಕೆದಕುತ್ತಿದ್ದವು.

"ತಿನ್ನೋದು ಮರ ಕಣೇ, ನಾವಲ್ಲ" ಎಂದರು ಜಯದೇವಪ್ಪ.

ಆದರೆ ಪ್ರತಿ ಶ್ರಾವಣದಲ್ಲೂ ಅಜ್ಜಂಪುರದ ದಾರಿಯಲ್ಲಿರುವ ಮಠದ ದಾಸೋಹಕ್ಕೆ ಇದೇ ತೋಟದ ಕಾಯಿ ಹೋಗಬೇಕು. ಅತ್ತೆಯ ಕಾಲದಿಂದ ನಡೆದು ಬಂದದ್ದು. ಯೋಚಿಸಿ ಯೋಚಿಸಿ ಕಲ್ಲಮ್ಮನೇ ಒಂದು ದಾರಿ ಹುಡುಕಿದರು. ಬಾವಿಯ ಪಕ್ಕದ ಸಾಲನ್ನು ಮಠಕ್ಕೆ ಮೀಸಲು ಮಾಡಿದರು. ಆ ಮರಗಳಿಗೆ ಕೊಟ್ಟಿಗೆ ಗೊಬ್ಬರ, ಕುರಿ ಹಿಕ್ಕೆ ಬಿಟ್ಟರೆ ಬೇರೇನೂ ಇಲ್ಲ. ನಡುವೆ ಒಂದು ಬದು ಹಾಕಿಸಿದರು. ಆಳುಗಳು ಆ ಕಡೆಯಿಂದ ಈ ಕಡೆಗೆ ಬಂದರೆ ಕೈಕಾಲು, ಗುದ್ದಲಿ ತೊಳೆದೇ ಬರಬೇಕಿತ್ತು. ಓರಗಿತ್ತಿ ತೀರ್ಥಮ್ಮ ಅದನ್ನು ನೋಡಿ ನಕ್ಕಿದ್ದರು.

"ಅಲ್ಲ ಕಣಕ್ಕಾ, ನೀನು ಬದು ಹಾಕಿದ್ದು ಬೇರಿಗೆ ಕಾಣುತ್ತಾ?"

ಕಲ್ಲಮ್ಮ ಬದುವಿನ ಮೇಲೆ ಇನ್ನಷ್ಟು ಮಣ್ಣು ಹಾಕಿಸಿದರು. ಮೀನು ತಿಂದ ಮರಗಳು ಗೊನೆ ಹೊರಲಾರದೆ ಬಾಗಿದವು. ಮನೆಗೆ ಹೆಂಚು ಬಂತು, ಬಾವಿಗೆ ಪಂಪ್‌ಸೆಟ್ ಬಂತು. ಮೀಸಲು ಸಾಲಿನ ಮರಗಳು ಸೊರಗಿದ್ದರೂ ಮಠಕ್ಕೆ ಸಾಲುವಷ್ಟು ಕೊಡುತ್ತಿದ್ದವು. ಎಲ್ಲವೂ ಸರಿಹೋಯಿತೆಂದು ಅವರು ನೆಮ್ಮದಿಯಿಂದ ಇದ್ದರು.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಆ ಸಲದ ಲಾರಿ ಬಂದಾಗ ಒಂದು ಮೂಟೆಯ ಹೊಲಿಗೆ ಬಿಚ್ಚಿ ಜಗಲಿಯ ಮುಂದೆ ಚೆಲ್ಲಿತು. ಹಿಂದೆಲ್ಲ ಬರುತ್ತಿದ್ದದ್ದು ಗೇಣುದ್ದದ ಬೂತಾಯಿ ಮೀನು. ಈ ಸಲ ಬಿದ್ದದ್ದು ಹುರುಳಿಕಾಯಿಯಷ್ಟೂ ಉದ್ದವಿಲ್ಲದ ಮರಿಗಳು. ನಡುವೆ ಒಂದೊಂದು ದೊಡ್ಡ ಮೀನು, ಅದರ ಹೊಟ್ಟೆ ಸೀಳಿ ಹಳದಿ ಕಾಳಿನಂಥದ್ದು ಒಣಗಿತ್ತು. ಕಲ್ಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿ, ಅದೇನೆಂದು ಕೇಳಿದರು.

"ಮೊಟ್ಟೆ ಅಮ್ಮ" ಎಂದ ಮೂಟೆ ಇಳಿಸುತ್ತಿದ್ದ ಶೀನ. ಅವನು ಮಲ್ಪೆ ಕಡೆಯ ಮೀನುಗಾರ. ಲಾರಿಯ ಜೊತೆ ಕೂಲಿಗೆ ಬರತೊಡಗಿ ಒಂದು ವರ್ಷವಾಗಿತ್ತಷ್ಟೆ.

ಕಲ್ಲಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿದರು. ಅವನು ಹೇಳುತ್ತ ಹೋದ. ಮೊದಲು ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಬಲೆ ಎಳೆದು, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಿತ್ತಂತೆ. ಆಮೇಲೆ ಇಂಜಿನ್ನಿನ ದೊಡ್ಡ ದೋಣಿಗಳು ಬಂದು, ಮೀನಿನ ಹಿಂಡನ್ನೇ ಸುತ್ತುಗಟ್ಟಿ ಬಳಿಯುವ ಬಲೆ ತಂದವಂತೆ. ಅವನೂ ಆ ದೋಣಿ ಹತ್ತಿದ್ದ, ಖುಷಿಯಲ್ಲೇ ಇದ್ದ. ತಿನ್ನುವವರಿಲ್ಲದೆ ದಡದಲ್ಲಿ ರಾಶಿ ಬಿದ್ದು ಕೊಳೆತದ್ದೇ ಒಣಗಿ ಗೊಬ್ಬರವಾಯಿತು. ಗೊಬ್ಬರಕ್ಕೂ ಗಿರಾಕಿ ಇದ್ದಾರೆಂದು ತಿಳಿದ ಮೇಲೆ ಮರಿ, ಬಸುರಿ ಎಂದು ಯಾರೂ ನೋಡಲಿಲ್ಲ. ಈಗ ಮೀನೇ ಇಲ್ಲವಾಗಿ ಅವನು ಲಾರಿಯ ಕೂಲಿಗೆ ಬಂದಿದ್ದನಂತೆ.

"ಅಷ್ಟು ದೊಡ್ಡ ನೀರು ಬತ್ತಿಹೋಯ್ತೇನಪ್ಪ?" ಎಂದು ಕೇಳಿದರು ಕಲ್ಲಮ್ಮ. ಕೆರೆ ಬತ್ತಿದಾಗ ಮೀನು ಸಾಯುವುದನ್ನು ಮಾತ್ರ ಅವರು ಬಲ್ಲರು.

"ನೀರು ಉಂಟು ಅಮ್ಮ, ಇದ್ದ ಹಾಗೇ ಉಂಟು. ಬಲೆ ಹಾಕಿದ್ರೆ ಎಂಥದ್ದೂ ಬರುವುದಿಲ್ಲ."

ನೀರಿದ್ದೂ ಬರಿದಾಗುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ. ಹೊಳೆದದ್ದು ಕುರಿ. ಊರಿನ ಯಾವ ಕುರಿಗಾಹಿಯೂ ಗಬ್ಬದ ಕುರಿಯನ್ನು ಕಡಿಯಲು ಕೊಡುವುದಿಲ್ಲ, ಎಷ್ಟೇ ಕಷ್ಟವಿರಲಿ. ಇಲ್ಲಿ ಹಿಂಡಿಗೆ ಹಿಂಡೇ ಮೂಟೆಯಾಗಿ ತಮ್ಮ ಜಗಲಿಗೆ ಬಂದಿತ್ತು.

ವಾಪಸ್ ಕಳಿಸೋಣವೆಂದು ಗಂಡನಿಗೆ ಹೇಳಿದರು.

"ಕಳಿಸಿದ್ರೆ ಅವೆಲ್ಲ ಎದ್ದು ಈಜ್ತಾವಾ?" ಎಂದರು ಜಯದೇವಪ್ಪ.

ಕಲ್ಲಮ್ಮ ಶೀನನನ್ನು ಕೇಳಿದರು. ನೀವು ಬೇಡವೆಂದರೆ ತರೀಕೆರೆಯಲ್ಲಿ ಇಳಿಯುತ್ತದೆ, ಯಾರೂ ಬೇಡವೆಂದರೆ ತನಗೆ ಕೂಲಿಯೂ ಇರುವುದಿಲ್ಲ ಎಂದ ಅವನು. ಮೂಟೆಗಳು ಮಣ್ಣಿಗೆ ಹೋದವು. ಬದುವಿನ ಆಚೆಗೇ ಹೋದವು.

ಅಂದಿನಿಂದ ಕಲ್ಲಮ್ಮನಿಗೆ ಅಂಗೈಯಲ್ಲಿ ಲಿಂಗವಿಟ್ಟು ಕೂತರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಇಷ್ಟು ವರ್ಷ ಅವರು ಅಂಜಿದ್ದು ಮೈಲಿಗೆಗೆ. ಮೈಲಿಗೆಯಾದರೆ ತೊಳೆಯಬಹುದು, ಇದನ್ನು ಯಾವ ನೀರಿನಲ್ಲಿ ತೊಳೆಯುವುದು? ಮನೆ ಉಣ್ಣುವುದು ಆ ಕಡೆಯ ಮರಗಳಿಂದ, ಶಿವನಿಗೆ ತೋರಿಸುವುದು ಈ ಕಡೆಯ ಸಾಲನ್ನು. ಹಾಗೆಂದು ಆ ಕಡೆಯ ಕಾಯಿ ಕೊಟ್ಟರೆ ದಾಸೋಹಕ್ಕೆ ಮೀನು ಬಡಿಸಿದಂತೆ. ಏನೂ ಕೊಡದಿದ್ದರೆ ಅತ್ತೆಯ ನೇಮ ಮುರಿದಂತೆ. ಒಂದೊಂದು ದಿನ ಒಂದೊಂದು ಸರಿ ಕಾಣುತ್ತಿತ್ತು.

ಶ್ರಾವಣ ಬಂದಾಗ ಅವರು ಚೀಲ ಹಿಡಿದು ಬದು ದಾಟಿದರು.

"ಹುಚ್ಚು ಹಿಡೀತಾ ನಿಂಗೆ? ಮಠಕ್ಕೆ ಮೀನಿನ ಕಾಯಾ?" ಎಂದರು ಜಯದೇವಪ್ಪ.

"ನಾವು ಉಣ್ಣೋದು ಇದನ್ನೇ ಅಲ್ವಾ? ಮುಚ್ಚಿಟ್ಟು ಕೊಡಲ್ಲ, ಹೇಳೇ ಕೊಡ್ತೀನಿ."

ಕಡೂರಿನಲ್ಲಿ ಬಸ್ಸು ಬದಲಿಸಿ ಮಠಕ್ಕೆ ಹೋದರು. ದಾಸೋಹ ನೋಡಿಕೊಳ್ಳುತ್ತಿದ್ದ ಮುದುಕರು ಮಲ್ಲಿಕಾರ್ಜುನಯ್ಯ ಕಂಬಕ್ಕೊರಗಿ ಪೂರ್ತಿ ಕೇಳಿದರು. ಮರಿಗಳು, ಹಳದಿ ಮೊಟ್ಟೆ, ಶೀನನ ಬರಿ ಬಲೆ, ಬದು, ಯಾವುದನ್ನೂ ಕಲ್ಲಮ್ಮ ಬಿಡಲಿಲ್ಲ.

"ಕಾಯಿ ಒಡೀಬಹುದಾ ಅಂತ ಕೇಳ್ತಿದೀರಾ ತಾಯಿ, ಇಲ್ಲ ಪಾಪ ಯಾರದ್ದು ಅಂತ ಕೇಳ್ತಿದೀರಾ?"

"ಅದೇ ಗೊತ್ತಾಗ್ತಿಲ್ಲ ಅಯ್ನೋರೇ."

ಮಲ್ಲಿಕಾರ್ಜುನಯ್ಯ ಚೀಲದಿಂದ ಒಂದು ಕಾಯಿ ತೆಗೆದು ನೋಡಿ ಮತ್ತೆ ಒಳಗಿಟ್ಟರು. "ನಂಗೂ ಗೊತ್ತಾಗ್ತಿಲ್ಲ" ಎಂದರು. "ಸದ್ಯಕ್ಕೆ ಜಗಲಿ ಮೇಲಿರಲಿ. ನೀವು ಪ್ರಸಾದಕ್ಕೆ ಏಳಿ."

ಪಂಕ್ತಿಯಲ್ಲಿ ಬಡಿಸಿದ ಪಲ್ಯದ ಮೇಲೆ ಕಾಯಿತುರಿ ಬಿಳಿಯಾಗಿ ಉದುರಿತ್ತು. ಅದು ಯಾರ ತೋಟದ್ದೋ, ಆ ತೋಟಕ್ಕೂ ಯಾವ ಲಾರಿ ಬಂದಿತ್ತೋ. ಕಲ್ಲಮ್ಮ ಕಣ್ಣಿಗೊತ್ತಿಕೊಂಡು ಉಂಡರು.

ಸಂಜೆಯ ಬಸ್ಸಿಗೆ ಹೊರಟಾಗಲೂ ಚೀಲ ಜಗಲಿಯ ಮೇಲೇ ಇತ್ತು. ಒಳಗೆ ತೆಗೆದುಕೊಳ್ಳಿ ಎನ್ನಲು ಬಾಯಿ ಬರಲಿಲ್ಲ, ಎತ್ತಿಕೊಂಡು ಬರಲು ಕೈ ಬರಲಿಲ್ಲ. ಮಠದವರು ತಗೊಂಡರಾ ಎಂದು ಜಯದೇವಪ್ಪ ಕೇಳಿಯೇ ಕೇಳುತ್ತಾರೆ. ಕಡೂರು ದಾಟಿದರೂ, ಅವರಿಗೆ ಏನೆಂದು ಹೇಳುವುದೆಂದು ಕಲ್ಲಮ್ಮನಿಗೆ ತಿಳಿದಿರಲಿಲ್ಲ.