ಪೂವಮ್ಮ ಬಿಟ್ಟ ಕೆಡ್ಡಸದ ಎಣ್ಣೆ

ವಾಮದಪದವಿನ ಪೂವಮ್ಮನಿಗೆ ಒಂದು ಎದೆ ಇರಲಿಲ್ಲ. ಊರಿನವರು ಇದನ್ನು ಅವಳ ಜೀವಮಾನವಿಡೀ ಪಿಸುಗುಟ್ಟಿಯೇ ಹೇಳಿದರು. "ಅದು" ಎಂದರು, "ಆ ಜಾಗ" ಎಂದರು, ಕೆಲವರು ಕಣ್ಣಿನಲ್ಲೇ ತೋರಿಸಿದರು. ಕಾಲು ಹೋದವನ ಕಾಲನ್ನು ಕಾಲು ಎನ್ನಲು ಯಾರಿಗೂ ನಾಚಿಕೆ ಇಲ್ಲ. ಪೂವಮ್ಮನ ಎದೆಯ ಹೆಸರು ಹೇಳಲು ಮಾತ್ರ ಎಲ್ಲರ ನಾಲಗೆ ಸತ್ತಿತ್ತು. ಅದೇ ನಾಲಗೆಗೆ ಅವಳ ಮೇಲೆ ಕಟ್ಟಳೆ ಹಾಕುವಾಗ ಎಲ್ಲಿಂದ ಜೀವ ಬಂತೋ!

ಅರುವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಭತ್ತ ಗೇರುತ್ತಿದ್ದಾಗ ಗೆರಸೆಯ ಅಂಚು ಬಲ ಎದೆಗೆ ತಾಗಿ ಅವಳಿಗೆ ಒಳಗಿನ ಗಂಟು ಗೊತ್ತಾಯಿತು. ಹಲಸಿನ ಬೀಜದಷ್ಟು ದೊಡ್ಡದು, ನೋವಿಲ್ಲ. ನೋವಿಲ್ಲದ ಗಂಟಿಗೆ ಯಾರು ಹೆದರುತ್ತಾರೆ? ತವರಿಗೆಂದು ಮೂಡಬಿದಿರೆಗೆ ಹೋದಾಗ ಅಲ್ಲಿನ ಡಾಕ್ಟರರಿಗೆ ತೋರಿಸಿದಳು. ಅವರು ಮುಟ್ಟಿ ನೋಡಿ ಅವಳಿಗೆ ಏನೂ ಹೇಳಲಿಲ್ಲ. ಗಂಡ ಧರ್ಣಪ್ಪನನ್ನು ಹೊರಗೆ ಕರೆದು ಮಾತಾಡಿದರು. ಮರುದಿನವೇ ಗಂಡಹೆಂಡತಿ ಬಸ್ಸು ಹತ್ತಿ ಪೇಟೆಯ ದೊಡ್ಡ ಆಸ್ಪತ್ರೆಗೆ ಹೋದರು. ಕುರು ಕೊಯ್ದ ಹಾಗೆ ಗಂಟನ್ನು ಕೊಯ್ದು ಕಳಿಸುತ್ತಾರೆ ಎಂದು ಪೂವಮ್ಮ ಎಣಿಸಿದ್ದಳು. ಧರ್ಣಪ್ಪನಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು ಅವನೇ.

ಎಚ್ಚರವಾದಾಗ ಎದೆಯ ಬಲಭಾಗ ಹಲಗೆಯ ಹಾಗೆ ಚಪ್ಪಟೆ. ಕಂಕುಳಿನವರೆಗೂ ಸೀಳಿದ್ದರು. ತೊಡೆಯ ಚರ್ಮ ತೆಗೆದು ಮೇಲೆ ಹಚ್ಚಿದ್ದರು.

"ಎಂತ ಮಾಡಿದ್ರು ಇವರು?" ಎಂದು ಗಂಡನನ್ನು ಕೇಳಿದಳು.

"ಗಂಟು ತೆಗೆದ್ರು."

"ಗಂಟು ತೆಗೆದದ್ದೋ, ಎದೆ ತೆಗೆದದ್ದೋ?"

ಧರ್ಣಪ್ಪ ಕಿಟಕಿಯ ಕಡೆ ನೋಡಿದ. "ಜೀವ ಉಳಿಯಬೇಕಲ್ಲ, ಮಾರಾಯ್ತಿ."

"ಕರು ಕೊಡುವಾಗ ಸಹ ಹಟ್ಟಿಗೆ ಬಂದು ನನ್ನಲ್ಲಿ ಒಂದು ಮಾತು ಕೇಳ್ತೀರಿ. ಇದಕ್ಕೆ ಕೇಳ್ಲಿಕ್ಕೆ ಆಗ್ಲಿಲ್ವಾ? ನಾನು ಬೇಡ ಅಂತ ಹೇಳ್ತಿರಲಿಲ್ಲ. ಕೇಳಬೇಕಿತ್ತು."

ಅವನು ಲೋಟಕ್ಕೆ ನೀರು ಬಗ್ಗಿಸಿ ಅವಳ ಬಾಯಿಗೆ ಹಿಡಿದ. ಒಳ್ಳೆಯ ಮನುಷ್ಯ ಎಂದು ಊರಲ್ಲಿ ಅವನಿಗೆ ಹೆಸರು. ಬಾಯಿ ಬಿಡಬೇಕಾದಲ್ಲಿ ಬಿಡದೆ ಒಳ್ಳೆಯವರಾದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಮನೆಗೆ ಬರುವಾಗ ಮಳೆಗಾಲ ಹಿಡಿದಿತ್ತು. ಬಲಗೈ ಬಾಳೆದಿಂಡಿನ ಹಾಗೆ ಬಾತು, ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯ ಹಾಗೆ ನಡೆಸಿ ಕೈ ಮೇಲೆ ಹತ್ತಿಸಬೇಕೆಂದು ಆಸ್ಪತ್ರೆಯ ನರ್ಸಮ್ಮ ಕಲಿಸಿದ್ದಳು. ಪೂವಮ್ಮ ಹಟ್ಟಿಯ ಗೋಡೆಗೆ ಮುಖ ಮಾಡಿ ದಿನಾ ನಿಂತಳು. ಬೆರಳು ಒಂದು ಗೇಣು ಹತ್ತುವಾಗ ಕಂಕುಳಿನಲ್ಲಿ ಹಗ್ಗ ಬಿಗಿದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಬೈಯುತ್ತಾ ಹತ್ತಿಸುತ್ತಿದ್ದಳು. ಗೋಡೆಗೆ ಬೈದಳೋ ಡಾಕ್ಟರರಿಗೆ ಬೈದಳೋ ಗಂಡನಿಗೆ ಬೈದಳೋ, ಹಟ್ಟಿಯ ದನಗಳಿಗೇ ಗೊತ್ತು. ಎದೆಯ ನಡುವಿನಿಂದ ಕಂಕುಳಿನವರೆಗಿನ ಗಾಯ ಒಣಗುವಷ್ಟರಲ್ಲಿ ಕೈ ಕಿವಿಯ ಮಟ್ಟಕ್ಕೆ ಏರಿತು. ಅದಕ್ಕಿಂತ ಮೇಲೆ ಏರಲಿಲ್ಲ.

ಗದ್ದೆಯ ಕೆಲಸಕ್ಕೆ ಅಷ್ಟು ಕೈ ಸಾಕಿತ್ತು. ಆದರೆ ನವರಾತ್ರಿ ಕಳೆದ ಮೇಲೆ ಗುರುವಪ್ಪ ಬಂದ.

ಗುರುವಪ್ಪ ಧರ್ಣಪ್ಪನ ತಂದೆಯ ತಮ್ಮ. ಬೆಳ್ತಂಗಡಿಯ ಕಡೆ ಬೇರೆ ಮನೆ ಮಾಡಿದ್ದರೂ ಮೂಲಮನೆಯ ಹಿರಿಯ ಎಂಬ ಲೆಕ್ಕದಲ್ಲಿ ಬಂದು ಜಗಲಿಯ ನಡುವೆ ಕೂರುತ್ತಿದ್ದ. ಅಂದು ಬಾಯಿಯಲ್ಲಿ ಎಲೆ ಅಡಿಕೆ ಜಗಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ:

"ಈ ಸಲ ಕೆಡ್ಡಸಕ್ಕೆ ಎಣ್ಣೆ ಸೇಸಮ್ಮ ಬಿಡಲಿ."

ಸೇಸಮ್ಮ ಎಂದರೆ ಧರ್ಣಪ್ಪನ ತಮ್ಮನ ಹೆಂಡತಿ, ಪೂವಮ್ಮನ ಓರಗಿತ್ತಿ. ಒಳಗೆ ಅಕ್ಕಿ ತೊಳೆಯುತ್ತಿದ್ದ ಪೂವಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

ಕೆಡ್ಡಸ ಎಂದರೆ ಭೂಮಿತಾಯಿ ಮುಟ್ಟಾಗುವ ದಿನಗಳು. ಮಾಘದ ಚಳಿಯಲ್ಲಿ ಬರುತ್ತದೆ. ಆ ದಿನಗಳಲ್ಲಿ ನೆಲಕ್ಕೆ ನೇಗಿಲು ತಾಗಿಸುವುದಿಲ್ಲ, ಹಾರೆ ಹಾಕುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಯ ದಿನ ಅವಳು ಮೀಯುವ ದಿನ. ತುಳಸಿಕಟ್ಟೆಯ ಹತ್ತಿರ ಸೆಗಣಿ ಸಾರಿಸಿ, ಬಾಳೆಲೆಯಲ್ಲಿ ಸೀಗೆ, ಅರಸಿನ, ಕುಂಕುಮ, ಬಾಚಣಿಗೆ ಇಟ್ಟು, ಮನೆಯ ಹಿರಿಯ ಹೆಂಗಸು ನೆಲಕ್ಕೆ ಎಣ್ಣೆ ಬಿಡಬೇಕು. ಆ ಮನೆಯಲ್ಲಿ ಎಣ್ಣೆ ಬಿಟ್ಟವಳೇ ಬೈಹುಲ್ಲಲ್ಲಿ ಕಟ್ಟಿಟ್ಟ ಬಿತ್ತದ ಮುಡಿ ಬಿಚ್ಚಿಸುವವಳು, ಯಾವ ಗದ್ದೆಗೆ ಯಾವ ತಳಿ ಎಂದು ಹೇಳುವವಳು. ಅತ್ತೆ ಸಾಯುವ ಮೊದಲು ಎಣ್ಣೆಯ ಗಿಂಡಿಯನ್ನು ಪೂವಮ್ಮನ ಕೈಗೆ ಕೊಟ್ಟಿದ್ದಳು. ಗಿಂಡಿ ಹೋದರೆ ಪೂವಮ್ಮ ಆ ಮನೆಯಲ್ಲಿ ಉಣ್ಣುವ ಬಾಯಿ ಮಾತ್ರ.

"ಎಂತಕ್ಕೆ ಮಾವ?" ಎಂದಳು.

"ಮೈಯಲ್ಲಿ ಊನ ಇದ್ದವರು ಬಿಡುವ ಕ್ರಮ ಇಲ್ಲ."

"ಯಾರು ಮಾಡಿದ ಕ್ರಮ?"

"ಹಿರಿಯರು."

"ನಿಮ್ಮ ಬಾಯಲ್ಲಿ ಹಲ್ಲೆಷ್ಟು ಉಂಟು ಮಾವ? ಮುಂದಿನದ್ದು ಎಲ್ಲ ಹೋಗಿದೆ. ನೀವು ದೈವದ ಎದುರು ನಿಂತು ಅರಿಕೆ ಮಾಡುವುದಿಲ್ವಾ?"

"ಹಲ್ಲು ಬೇರೆ. ಅದು ಬೇರೆ."

"ಅದು ಅಂದ್ರೆ ಎಂತದ್ದು? ಹೆಸರು ಹೇಳಿ."

ಗುರುವಪ್ಪ ಅಂಗಳಕ್ಕೆ ಉಗುಳಿದ. ಇಂಥ ಕಟ್ಟಳೆ ನಮ್ಮ ಸೀಮೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಅವನು ಬಸ್ಸಿನಲ್ಲಿ ಬರುವಾಗ ಕಟ್ಟಿದ್ದು ಅದು. ಆದರೂ ಧರ್ಣಪ್ಪ ಕಂಬಕ್ಕೆ ಒರಗಿ ಕಂಬದ ಹಾಗೆಯೇ ನಿಂತ.

"ಹೋಗ್ಲಿ," ಎಂದ ಗುರುವಪ್ಪ ಏಳುತ್ತಾ. "ನೋಡುವವರ ಕಣ್ಣಿಗಾದ್ರೂ ಸರಿ ಕಾಣಬೇಕಲ್ಲ? ಹಾಗೆ ಕಂಡ್ರೆ ಆಗ ನೋಡುವ."

ಸರಿ ಕಾಣಬೇಕು! ಎರಡು ದಿನ ಅವಳು ಸಿಟ್ಟಿನಲ್ಲೇ ಹಟ್ಟಿ ಗುಡಿಸಿದಳು. ಮೂರನೆಯ ದಿನ ಪದವಿನ ಅಂಗಡಿಸಾಲಿನ ಹಿಂದೆ ಇದ್ದ ನಫೀಸಮ್ಮನ ಮನೆಗೆ ಹೋದಳು. ನಫೀಸಮ್ಮ ಹೊಲಿಗೆ ಮಿಷನ್ ಇಟ್ಟುಕೊಂಡು ಹೆಂಗಸರ ರವಿಕೆ ಹೊಲಿಯುತ್ತಿದ್ದ ಬ್ಯಾರಿ ಹೆಂಗಸು. ಪೂವಮ್ಮ ಬಾಗಿಲು ಮುಚ್ಚಿ, ರವಿಕೆ ಬಿಚ್ಚಿ ತೋರಿಸಿದಳು.

ನಫೀಸಮ್ಮ ಪಿಸುಗುಟ್ಟಲಿಲ್ಲ. "ಯಾ ಅಲ್ಲಾ, ಚಂದ ಹೊಲಿದಿಲ್ಲ ಪೂವಕ್ಕ. ನಾನಾದ್ರೆ ಹೊಲಿಗೆ ಇಷ್ಟು ದೂರ ದೂರ ಹಾಕ್ತಿರಲಿಲ್ಲ," ಎಂದಳು.

"ಒಂದು ಎದೆ ಹೊಲಿದು ಕೊಡು."

"ಒಂದು ಸಾಕಾ? ಜೋಡಿ ಮಾಡಿದ್ರೆ ನನಗೂ ಒಂದು ಇಡಬಹುದು. ನನ್ನದೂ ಇಳಿದು ಹೋಗಿದೆ."

ಹಳೆಯ ಮಲ್ಲಿನ ಬಟ್ಟೆಯಲ್ಲಿ ಚೀಲ ಹೊಲಿದು ಮೊದಲು ಬೂರುಗದ ಹತ್ತಿ ತುಂಬಿಸಿದರು. ಅದು ಹಗುರವಾಗಿ ರವಿಕೆಯೊಳಗೆ ಮೇಲೇರಿ ಕುತ್ತಿಗೆಯ ಹತ್ತಿರ ಬಂತು. ಹೊಳೆಯ ಹೊಯಿಗೆ ತುಂಬಿಸಿದರೆ ಹೊಕ್ಕುಳಿಗೆ ಇಳಿಯಿತು. ಕೊನೆಗೆ ಪೂವಮ್ಮನೇ ಮನೆಯಿಂದ ಬಿತ್ತದ ಭತ್ತ ತಂದಳು. ಜೊಳ್ಳಿಲ್ಲದೆ ಗೇರಿ, ಬಿಸಿಲಲ್ಲಿ ಒಣಗಿಸಿ, ಮುಡಿ ಕಟ್ಟಿ ಇಟ್ಟದ್ದು. ಸುತ್ತ ತೆಳ್ಳಗೆ ಹತ್ತಿ, ನಡುವೆ ಭತ್ತ. ಭಾರ ಸರಿಯಾಯಿತು. ಎಡಬಲ ಒಂದೇ ಮಟ್ಟಕ್ಕೆ ನಿಂತಿತು. ಅವಳ ಓಡಾಟವೂ ನೇರವಾಯಿತು. ಕಂಡವರು ಒಂದು ಸಲ ನೋಡಿ, ಮತ್ತೊಂದು ಸಲ ನೋಡಿ, ಸುಮ್ಮನಾದರು. ಸೇಸಮ್ಮ ಮಾತ್ರ, "ಅಕ್ಕನಿಗೆ ಪುನಃ ಚಿಗುರಿತಾ ಏನು?" ಎಂದಳು. ಅವಳ ಬಾಯಿ ಫಲಿಸುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ವರ್ಷದ ಎರಡನೆಯದಾದ ಸುಗ್ಗಿ ಬೆಳೆಯ ನಾಟಿ ಬಂತು. ಪೂವಮ್ಮ ಹೆಂಗಸರ ಜೊತೆ ಗದ್ದೆಗಿಳಿದಳು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನೇಜಿ, ಎಂದರೆ ಭತ್ತದ ಸಸಿ, ನೆಡುವ ಕೆಲಸ. ಕೆಸರು ನೀರು ಎದೆಗೆ ಹಾರುತ್ತದೆ, ಬೆವರು ಒಳಗಿನಿಂದ ಇಳಿಯುತ್ತದೆ. ಚೀಲ ನೆನೆದೇ ಇತ್ತು. ಮನೆಯಲ್ಲಿ ಬಿಚ್ಚಿ ಒಣಹಾಕಿದರೆ ಸೇಸಮ್ಮನ ಕಣ್ಣಿಗೆ ಬೀಳುತ್ತದೆಂದು ಅವಳು ಮಲಗುವಾಗಲೂ ಬಿಚ್ಚಲಿಲ್ಲ. ಬಿತ್ತವನ್ನು ನೆನೆಹಾಕಿ, ಗೋಣಿಯಲ್ಲಿ ಸುತ್ತಿ, ಬೆಚ್ಚಗೆ ಇಟ್ಟು ಮೊಳಕೆ ಬರಿಸುವುದು ಅವಳು ಹುಟ್ಟಿದಲ್ಲಿಂದ ಮಾಡಿದ ಕೆಲಸ. ತಾನೇ ಒಂದು ಗೋಣಿಯಾಗಿದ್ದೇನೆ ಎಂದು ಮಾತ್ರ ಹೊಳೆಯಲಿಲ್ಲ.

ನಾಟಿ ಮುಗಿಯುವ ಹೊತ್ತಿಗೆ ಎದೆ ತುರಿಸತೊಡಗಿತು. ಗಾಯದ ಮೇಲೆ ಹೊಸ ಚರ್ಮ ಬರುತ್ತಿದೆ ಎಂದು ಎಣಿಸಿದಳು. ಆಗ ಪಕ್ಕದಲ್ಲಿ ನೆಡುತ್ತಿದ್ದ ಕಾಂತಿ ಎಂಬ ಕೆಲಸದ ಹೆಣ್ಣು ಬಗ್ಗಿದಲ್ಲಿಂದಲೇ ಕೂಗಿದಳು:

"ಪೂವಕ್ಕಾ, ನಿಮ್ಮ ರವಿಕೆಯಲ್ಲಿ ನೇಜಿ ಬಂದಿದೆ!"

ನೋಡಿದರೆ ರವಿಕೆಯ ಅಂಚಿನಿಂದ ಬಿಳಿಯ ಮೊಳಕೆಗಳು ಹೊರಗೆ ಇಣುಕುತ್ತಿದ್ದವು. ಗದ್ದೆಯಿಡೀ ನಗು. ಒಬ್ಬಳು ಕೆಸರಲ್ಲೇ ಕೂತಳು. "ಕೀಳುವುದು ಬೇಡ ಅಕ್ಕ, ನಾಡಿದ್ದು ನಾವೇ ಬಂದು ಕೊಯ್ತೇವೆ," ಎಂದಳು ಇನ್ನೊಬ್ಬಳು. ಪೂವಮ್ಮನೂ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಎಲ್ಲರೆದುರೇ ಚೀಲ ಎಳೆದು ಹರಿದು ಗದ್ದೆಯಂಚಿನ ಹುಣಿಯ ಮೇಲೆ ಕೊಡವಿದಳು. ಕೋಳಿಗಳು ಬಂದು ಹೆಕ್ಕಿದವು.

ಇದು ಅಲ್ಲಿಗೇ ಮುಗಿಯಬೇಕಿದ್ದ ತಮಾಷೆ. ಸೇಸಮ್ಮ ಮುಗಿಯಲು ಬಿಡಲಿಲ್ಲ. ಸುದ್ದಿ ಬೆಳ್ತಂಗಡಿಗೆ ಮುಟ್ಟಿತು, ಗುರುವಪ್ಪ ತಿರುಗಿ ಬಂದ.

"ಹೆಂಗಸಿನ ಮೈಯಲ್ಲಿ ಬಿತ್ತ ಮೊಳೆತರೆ ಗದ್ದೆಯಲ್ಲಿ ಮೊಳೆಯುವುದಿಲ್ಲ," ಎಂದು ಇನ್ನೊಂದು ಕಟ್ಟಳೆ ಹೊಸೆದ. "ಎಣ್ಣೆ ಸೇಸಮ್ಮನೇ ಬಿಡುವುದು. ಇನ್ನು ಅದರಲ್ಲಿ ಮಾತಿಲ್ಲ."

ನಫೀಸಮ್ಮ ಈ ಸಲ ಗೇರುಬೀಜದ ಒಳಸಿಪ್ಪೆ ತುಂಬಿಸುವ ಎಂದು ಹೇಳಿ ಕಳಿಸಿದಳು. ಪೂವಮ್ಮ ಬೇಡ ಎಂದಳು. ಕೆಡ್ಡಸದವರೆಗೂ ಬರಿಯ ರವಿಕೆಯಲ್ಲೇ, ಒಂದು ಬದಿ ತುಂಬಿ ಒಂದು ಬದಿ ಬಟ್ಟೆ ಜೋಲುತ್ತಾ, ಬಾವಿಕಟ್ಟೆಗೆ ಹೋದಳು, ಅಂಗಡಿಗೆ ಹೋದಳು, ಪೊಳಲಿಗೆ ಹೋಗಿ ದೇವಿಗೂ ಕೈಮುಗಿದು ಬಂದಳು. ನೋಡುವವರು ನೋಡಿಕೊಳ್ಳಲಿ.

ಕೆಡ್ಡಸದ ಕೊನೆಯ ದಿನ ಬೆಳಗ್ಗೆ ಗುರುವಪ್ಪ ಜಗಲಿಯಲ್ಲಿ ಕೂತಿದ್ದ. ನೆರೆಯ ಹೆಂಗಸರು ಬಂದಿದ್ದರು. ಹುರಿದ ಅಕ್ಕಿಹುಡಿಗೆ ಬೆಲ್ಲ, ಕಾಯಿತುರಿ ಕಲಸಿದ ನನ್ನೆರಿಯ ಪರಿಮಳ ಅಂಗಳಕ್ಕೆ ಬರುತ್ತಿತ್ತು. ಸೇಸಮ್ಮ ಹೊಸ ಸೀರೆ ಉಟ್ಟು, ಗಿಂಡಿ ಹಿಡಿದು, ತುಳಸಿಕಟ್ಟೆಯ ಎದುರು ನಿಂತಿದ್ದಳು. ಪೂವಮ್ಮ ಮಿಂದು ಒದ್ದೆ ತಲೆಯಲ್ಲಿ ಬಂದು ಕೈ ಚಾಚಿದಳು.

"ಕೊಡು."

"ಮಾವ ಹೇಳಿದ್ದು ಅಕ್ಕ... ನಾನೆಂತ ಮಾಡುವುದು?"

"ಮಾವನಿಗೆ ಬೇಕಾದ್ರೆ ಮಾವನೇ ಮುಟ್ಟಾಗಿ ಮಾವನೇ ಮೀಯಲಿ. ಕೊಡು."

ಹೆಂಗಸರ ನಡುವಿನಿಂದ ಯಾರೋ ಕಿಸಕ್ಕೆಂದರು. ಗುರುವಪ್ಪ ಎದ್ದು ನಿಂತ. "ಧರ್ಣಪ್ಪಾ! ನಿನ್ನ ಹೆಂಡತಿಗೆ ಹೇಳು."

ಧರ್ಣಪ್ಪ ಹೆಂಡತಿಯನ್ನು ನೋಡಿದ, ಚಿಕ್ಕಪ್ಪನನ್ನು ನೋಡಿದ. "ನಾನು ಹೇಳುವುದಿಲ್ಲ," ಎಂದ. ಅಷ್ಟೇ.

"ಅವರು ಹೇಳುವುದು ಬೇಡ, ನಾನು ಹೇಳ್ತೇನೆ ಮಾವ," ಎಂದಳು ಪೂವಮ್ಮ. "ವರ್ಷಕ್ಕೆ ಎರಡು ಬೆಳೆ ಅಂತ ಈ ನೆಲದ ಮೈಯನ್ನು ನೀವೆಲ್ಲ ಸೀಳ್ತೀರಿ. ಗುಡ್ಡ ಕಡಿದು ಗದ್ದೆ ಮಾಡಿದ್ದೀರಿ. ಮೇಲಿನ ಗುಡ್ಡೆಯ ಒಂದು ಬದಿ ಕಲ್ಲು ತೆಗೆದು ತೆಗೆದು ಪೂರ್ತಿ ಖಾಲಿ ಮಾಡಿದ್ದು ನೀವೇ, ನಿಮ್ಮ ಮನೆ ಕಟ್ಟುವಾಗ. ಅವಳಿಗೆ ಊನ ಆಯ್ತು, ಇನ್ನು ಅವಳನ್ನು ತಾಯಿ ಅನ್ನುವುದು ಬೇಡ ಅಂತ ಯಾಕೆ ಹೇಳ್ಲಿಲ್ಲ? ಅವಳು ಕೊಟ್ಟ ಅಕ್ಕಿ ಯಾಕೆ ಉಣ್ತೀರಿ?"

"ಕೈ ಎತ್ತಲಿಕ್ಕೆ ಆಗದವಳ ಬಾಯಿ ನೋಡಿ!"

"ಭೂಮಿ ಕೆಳಗೆ ಉಂಟು ಮಾವ. ಎಣ್ಣೆ ಬಿಡ್ಲಿಕ್ಕೆ ಕೈ ಎತ್ತುವುದು ಬೇಡ."

ಸೇಸಮ್ಮ ಗಿಂಡಿ ಕೊಡಲಿಲ್ಲ. ಇಷ್ಟು ವರ್ಷ ಆಸೆಪಟ್ಟದ್ದು ಕೈಗೆ ಬಂದಿತ್ತು, ಬೆರಳು ಬಿಡುತ್ತಿರಲಿಲ್ಲ. ಪೂವಮ್ಮ ಎಳೆದಾಡಲಿಲ್ಲ. ಒಳಗೆ ಹೋಗಿ, ಅಡುಗೆಮನೆಯ ತೆಂಗಿನೆಣ್ಣೆಯ ಕುಪ್ಪಿಯನ್ನೇ ತಂದಳು. ಒಗ್ಗರಣೆಯ ಮಸಿ ಹಿಡಿದ ಕುಪ್ಪಿ. ಮೊಣಕಾಲೂರಿ ಕೂತು, ಬಾತ ಬಲಗೈಯಿಂದಲೇ, ಸಾರಿಸಿದ ನೆಲಕ್ಕೆ ಎಣ್ಣೆ ಬಿಟ್ಟಳು. "ಮೀಯಿ ತಾಯೀ," ಎಂದಳು. ಎಣ್ಣೆ ಸೆಗಣಿಯ ಮೇಲೆ ಹರಡಿ ಮೆಲ್ಲಗೆ ಇಂಗಿತು. ನೆಲ ಬಿರಿಯಲಿಲ್ಲ. ಪೂವಮ್ಮ ಎದ್ದು ಬದಿಗೆ ಸರಿದು, "ನೀನೂ ಬಿಡು. ಅವಳಿಗೆ ಎಣ್ಣೆ ಹೆಚ್ಚಾಗುವುದಿಲ್ಲ," ಎಂದಳು ಓರಗಿತ್ತಿಗೆ. ಸೇಸಮ್ಮ ಅಳುತ್ತಾ ಬಿಟ್ಟಳು. ಸಿಟ್ಟಿಗೆ ಅತ್ತಳೋ ನಾಚಿಕೆಗೋ ಅವಳಿಗೇ ಗೊತ್ತು.

ಗುರುವಪ್ಪ ನನ್ನೆರಿ ಮುಟ್ಟದೆ ಬಸ್ಸಿಗೆ ಹೋದ. ಆ ಮಳೆಗಾಲ ಬಿತ್ತದ ಮುಡಿ ಬಿಚ್ಚಿಸಿದವಳು ಪೂವಮ್ಮ. ಬೆಳೆ ಎಂದಿನಷ್ಟೇ ಬಂತು.

ಮರುವರ್ಷ ಕೆಡ್ಡಸಕ್ಕೆ ಗುರುವಪ್ಪ ಬಂದ, ಜಗಲಿಯಲ್ಲಿ ಕೂತ, ನನ್ನೆರಿ ತಿಂದ, ಇನ್ನಷ್ಟು ಹಾಕಿಸಿಕೊಂಡ. ಯಾರು ಎಣ್ಣೆ ಬಿಡುವುದೆಂದು ಯಾರೂ ಕೇಳಲಿಲ್ಲ. ಗಿಂಡಿ ತಾನಾಗಿ ಪೂವಮ್ಮನ ಕೈಗೆ ಬಂತು. ಆ ಮಾತು ನಡೆದೇ ಇರಲಿಲ್ಲ ಎಂಬ ಹಾಗೆ ಎಲ್ಲರೂ ಮಳೆಯ ವಿಷಯ, ದನದ ವಿಷಯ ಮಾತಾಡಿದರು. ತಪ್ಪಾಯಿತು ಎಂದು ಒಬ್ಬನ ಬಾಯಿಯಿಂದಲೂ ಬರಲಿಲ್ಲ. ಪೂವಮ್ಮ ಎಣ್ಣೆ ಬಿಟ್ಟು ಎದ್ದವಳು, ಜಗಲಿಯಲ್ಲಿ ಸಾಲಾಗಿ ಕೂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಲ್ಲರೂ ಬಾಳೆಲೆಗೆ ಮುಖ ಬಗ್ಗಿಸಿ ತಿನ್ನುತ್ತಿದ್ದರು.